ಒಬ್ಬರೇ ಎತ್ತುವಂಥ ಮೋಟರು

ಮೊನ್ನೆ ಶಾಲೆಯಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿದವರೆಲ್ಲ ಮಿಸ್ ಬಗ್ಗೆ "ಸರಳ ಜೀವಿ, ಮೃದು ಸ್ವಭಾವದವರು, ಯಾರ ಮನಸ್ಸನ್ನೂ ನೋಯಿಸಿದವರಲ್ಲ" ಎಂದು ಹೇಳುತ್ತಾ ಹೋದರು. ನನಗೆ ಕೂತಲ್ಲೇ ಮೈ ಉರಿಯಿತು. ಯಾರ ಬಗ್ಗೆ ಮಾತಾಡುತ್ತಿದ್ದಾರೆ ಇವರು? ಮಿಸ್ ಮೃದುವಂತೆ! ಕೃಷ್ಣಮೂರ್ತಿಪುರಂನ ನಮ್ಮ ರಸ್ತೆಯಲ್ಲಿ ಅವರ ಬಾಯಿಗೆ ಹೆದರದ ಹಾಲಿನವನಿರಲಿಲ್ಲ, ಪೇಪರಿನವನಿರಲಿಲ್ಲ. ಗೇಟಿಗೆ ಅಡ್ಡವಾಗಿ ಬೈಕು ನಿಲ್ಲಿಸಿದವರು ಯಾರೇ ಆಗಿರಲಿ, ವಿಸಿಲ್ ಊದಿ ಕರೆದು ತೆಗೆಸುತ್ತಿದ್ದರು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಮಿಸ್ ಆಗಿದ್ದವರು, ನಿವೃತ್ತರಾದ ಮೇಲೂ ಆ ವಿಸಿಲ್ ಕೊರಳಿನಿಂದ ಇಳಿಯಲಿಲ್ಲ. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದಿದ್ದರೆ, "ನನ್ನ ಹೆಸರು ಕಟ್ಕೊಂಡು ನಿಂಗೇನಾಗ್ಬೇಕಮ್ಮ, ಸೀರೆಗೆ ಫಾಲ್ ಹೊಲಿ ಹೋಗು" ಎನ್ನುತ್ತಿದ್ದರು.

ನಾನು ಅವರ ಪಕ್ಕದ ಮನೆಯವಳು. ಗಂಡನ ಮನೆ ನನಗೆ ಒಗ್ಗಲಿಲ್ಲ. ತಮ್ಮನ ಜೊತೆ ಇದ್ದುಕೊಂಡು ಸೀರೆಗಳಿಗೆ ಫಾಲ್ ಹಚ್ಚಿ, ಜಿಗ್‌ಜಾಗ್ ಹಾಕಿ ಕೊಡುತ್ತೇನೆ. ಹೊಲಿಗೆ ಮಿಷನ್ನು ಹಿಂದಿನ ಕಿಟಕಿಯ ಹತ್ತಿರ ಇದೆ. ತಲೆ ಎತ್ತಿದರೆ ಮೋಟುಗೋಡೆಯಾಚೆ ಮಿಸ್ ಮನೆಯ ಹಿತ್ತಲು, ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲು. ಮಿಸ್ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಮುಕ್ಕಾಲು ಪಾಲು ಆ ಕಿಟಕಿಯಿಂದ ಕಂಡದ್ದೇ.

ಆ ಮನೆಯಲ್ಲಿ ಮೊದಲು ಇಬ್ಬರಿದ್ದರು, ಇವರು ಮತ್ತು ಅದೇ ಶಾಲೆಯ ಡ್ರಾಯಿಂಗ್ ಮಿಸ್. ಇಬ್ಬರೂ ಮದುವೆಯಾದವರಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಾಡಿಗೆ ಹಂಚಿಕೊಳ್ಳಲೆಂದು ಜೊತೆಯಾದವರು, ಕೊನೆಗೆ ಆ ಮನೆಯನ್ನೇ ಸೇರಿ ಕೊಂಡುಕೊಂಡರು. ಇವರದು ಕೂಗಾಟ, ಅವರದು ನಗು. ನಿವೃತ್ತರಾದ ಮೇಲೆ ಇಬ್ಬರೂ ಒಂದು ಪುಟ್ಟ ಫೈಬರ್ ದೋಣಿ ತೆಗೆದುಕೊಂಡಾಗ ಇಡೀ ರಸ್ತೆಯೇ ನಕ್ಕಿತು. ಜನ ಸೈಟು ಕೊಳ್ಳುತ್ತಾರೆ, ಕಾರು ಕೊಳ್ಳುತ್ತಾರೆ; ಮೈಸೂರಿನಲ್ಲಿ ಕೂತು ದೋಣಿ ಕೊಳ್ಳುವವರನ್ನು ಯಾರು ಕಂಡಿದ್ದರು? ಅದಕ್ಕೆ ಬೇಕಾದ ಅನುಮತಿಯನ್ನೆಲ್ಲ ಇವರು ಕಚೇರಿಗೆ ಅಲೆದು, ಜಗಳವಾಡಿ ತಂದರು. ಕನ್ನಂಬಾಡಿಯ ಹಿನ್ನೀರಿನ ದಂಡೆಯ ಹಳ್ಳಿಯೊಂದರಲ್ಲಿ, ಮೀನು ಹಿಡಿಯುವವರ ಮನೆಯ ಪಕ್ಕದಲ್ಲಿ ಅದನ್ನು ಬೋರಲು ಹಾಕಿಟ್ಟಿರುತ್ತಿದ್ದರು. ನೀರಿನ ನಡುವೆ ಅಲ್ಲೊಂದು ದಿಬ್ಬವಿದೆ, ಚಳಿಗಾಲದಲ್ಲಿ ಹಕ್ಕಿಗಳು ಬಂದಿಳಿಯುತ್ತವೆ. ಭಾನುವಾರ ಬಂತೆಂದರೆ ಹಳೇ ವ್ಯಾನು ಹತ್ತಿ ಹೊರಡುವರು. ಬಲಗಡೆಯ ಹುಟ್ಟು ಹಾಕುವುದು ಒಬ್ಬರು, ಎಡಗಡೆಯದು ಇನ್ನೊಬ್ಬರು. ದಿಬ್ಬದ ಮೇಲೆ ಡ್ರಾಯಿಂಗ್ ಮಿಸ್ ಹಕ್ಕಿಗಳ ಚಿತ್ರ ಬರೆಯುವರು, ಇವರು ಪಕ್ಕದಲ್ಲಿ ಕೂತು ಕಡಲೆಕಾಯಿ ಸುಲಿದು ಅವರ ಕೈಗೆ ಕೊಡುವರು.

ಆಮೇಲೆ ಡ್ರಾಯಿಂಗ್ ಮಿಸ್‌ಗೆ ಕ್ಯಾನ್ಸರ್ ಬಂತು. ಗೊತ್ತಾಗುವ ಹೊತ್ತಿಗೆ ತಡವಾಗಿತ್ತು, ಹೋಗಿಬಿಟ್ಟರು.

ಮಿಸ್ ಅತ್ತಿದ್ದನ್ನು ನಾನು ನೋಡಲಿಲ್ಲ. ನೋಡಿದ್ದು ಬೇರೆ. ಒಗೆದ ಬೆಡ್‌ಶೀಟಿನ ಒಂದು ತುದಿಯನ್ನು ಹಿತ್ತಲಿನ ಬಾಗಿಲ ಚಿಲಕಕ್ಕೆ ಸಿಕ್ಕಿಸಿ, ಇನ್ನೊಂದು ತುದಿ ಹಿಡಿದು, ಎಳೆದು ಎಳೆದು ಮಡಿಸುತ್ತಿದ್ದರು. ಮೊದಲು ಆ ತುದಿ ಡ್ರಾಯಿಂಗ್ ಮಿಸ್ ಕೈಯಲ್ಲಿರುತ್ತಿತ್ತು. ಆ ಚಿಲಕ ನೋಡಿದಾಗಲೆಲ್ಲ ನಾನು ಮಿಷನ್ನು ನಿಲ್ಲಿಸಿ ಎದ್ದು ನಿಲ್ಲುತ್ತಿದ್ದೆ. ಬರಲಾ ಎಂದು ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ಒಂದು ದಿನ ಗೋಡೆಯ ಹತ್ತಿರ ಬಂದು ಅವರೇ ಹೇಳಿದರು. "ನಿನ್ನೆ ದೋಣಿ ಬಿಟ್ಟಿದ್ದೆ ಕಣಮ್ಮ. ಒಂದೇ ಹುಟ್ಟು ಹಾಕಿದ್ರೆ ನಿಂತಲ್ಲೇ ಸುತ್ತುತ್ತೆ ಅದು. ಎರಡೂ ನಾನೇ ಹಾಕ್ದೆ. ಅರ್ಧ ದಾರಿಗೆ ಎಡಗಡೆ ಭುಜ ಹಿಡ್ಕೊಂತು. ವಾಪಸ್ ಬಂದ್ಬುಟ್ಟೆ."

"ಯಾರನ್ನಾದ್ರೂ ಕರ್ಕೊಂಡು ಹೋಗಿ ಮಿಸ್."

"ಮೋಟರ್ ಹಾಕುಸ್ತೀನಿ" ಎಂದು ಹೇಳಿ ಒಳಗೆ ಹೋದರು.

ದೋಣಿಯ ಹಿಂಬದಿಯ ಹಲಗೆಗೆ ನೇತುಹಾಕುವ ಔಟ್‌ಬೋರ್ಡ್ ಮೋಟರು ಮೈಸೂರಿನಲ್ಲಿ ಕೈಗೆ ಸಿಗುವ ವಸ್ತುವಲ್ಲ. ಪಂಪ್‌ಸೆಟ್ ಮಾರುವ ಅಂಗಡಿಯೊಂದರಲ್ಲಿ ತರಿಸಿಕೊಡುತ್ತಾರೆ ಎಂದು ಪತ್ತೆ ಮಾಡಿ ನನ್ನನ್ನೂ ಎಳೆದುಕೊಂಡು ಹೋದರು. ಅಂಗಡಿ ನಡೆಸುವವಳು ಅವರ ಹಳೇ ವಿದ್ಯಾರ್ಥಿನಿಯೇ. ತಲೆ ಅರ್ಧ ನೆರೆತ ಹೆಂಗಸು ಮಿಸ್‌ನ ಕಂಡದ್ದೇ ಕುರ್ಚಿಯಿಂದ ಧಡಕ್ಕನೆ ಎದ್ದು ನಿಂತಳು.

"ಬೆನ್ನು ನೆಟ್ಟಗೆ ಮಾಡು" ಎಂದರು ಮಿಸ್. ಅವಳು ಮಾಡಿದಳು.

"ಐದು ಎಚ್‌ಪಿದು ತಗೊಳ್ಳಿ ಮಿಸ್. ಗಾಳಿ ಎಷ್ಟೇ ಇರ್ಲಿ, ಎಳ್ಕೊಂಡು ಬರುತ್ತೆ."

"ತೂಕ?"

"ಇಪ್ಪತ್ತೈದು ಕೆಜಿ ಮೇಲಿರುತ್ತೆ. ಇಬ್ರು ಹಿಡ್ಕೊಂಡ್ರೆ ಏನೂ ಗೊತ್ತಾಗಲ್ಲ."

ಮಿಸ್ ಮುಖ ಬಿಗಿದುಕೊಂಡಿತು. "ಇಬ್ರು ಅಂತ ಯಾರಮ್ಮ ಹೇಳಿದ್ದು ನಿಂಗೆ?"

ಮಿಸ್ ತಮ್ಮ ಕಷ್ಟವನ್ನು ಬಿಡಿಸಿ ಹೇಳಿದರು. ಮೋಟರನ್ನು ದೋಣಿಯಲ್ಲೇ ಬಿಟ್ಟು ಬಂದರೆ ಕಳುವಾಗುತ್ತದೆ. ಪ್ರತಿ ಸಲ ಮನೆಯಿಂದ ಒಯ್ಯಬೇಕು, ಮನೆಗೆ ತರಬೇಕು. ವ್ಯಾನಿನಿಂದಿಳಿಸಿ, ಕೆಸರಿನಲ್ಲಿ ಹೊತ್ತುಕೊಂಡು ಹೋಗಿ, ಮೊಣಕಾಲುದ್ದದ ನೀರಿನಲ್ಲಿ ನಿಂತು ಹಲಗೆಗೆ ಏರಿಸಿ ತಿರುಪು ಬಿಗಿಯಬೇಕು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಷ್ಟೂ ಹೊರುವ ದಾರಿ ಉದ್ದವಾಗುತ್ತದೆ. "ಇದನ್ನೆಲ್ಲ ಮಾಡೋಳು ನಾನೊಬ್ಳೇ. ನಂಗೆ ಒಬ್ರೇ ಎತ್ತುವಂಥದು ಬೇಕು."

ಹಾಗಾದರೆ ಬ್ಯಾಟರಿಯದು ನೋಡಿ, ಮೋಟರು ಹಗುರ, ಬ್ಯಾಟರಿ ಬೇರೆ, ಎರಡು ಸಲಕ್ಕೆ ಹೊತ್ತರಾಯಿತು ಎಂದಳವಳು. ಮಿಸ್‌ಗೆ ಅದು ಹಿಡಿಸಿತು ಎಂದೇ ನಾನಂದುಕೊಂಡೆ. ಸ್ವಲ್ಪ ಹೊತ್ತು ಯೋಚಿಸಿ ಬೇಡವೆಂದರು. "ಗಾಳಿಗೆ ಎದುರಾಗಿ ಬರುವಾಗ ಚಾರ್ಜ್ ಮುಗಿದ್ರೆ? ನೀರಿನ ಮಧ್ಯೆ ಕೂತು ವಿಸಿಲ್ ಊದ್ಲಾ?" ಅಂತೂ ಪೆಟ್ರೋಲಿನದೇ ಎಂದಾಯಿತು. ಎಷ್ಟು ದೊಡ್ಡದು ಎನ್ನುವುದನ್ನು ಎತ್ತಿ ನೋಡಿ ಹೇಳುತ್ತೇನೆ ಎಂದರು. ಎತ್ತಿ ನೋಡಲು ಅಂಗಡಿಯಲ್ಲಿ ಮೋಟರೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಕಿಟಕಿಯಿಂದ ನೋಡುತ್ತೇನೆ, ಮಿಸ್ ಸೀರೆ ಎತ್ತಿ ಕಟ್ಟಿ ಒಂದು ಗೋಣಿಚೀಲವನ್ನು ತಬ್ಬಿ ನಿಂತಿದ್ದಾರೆ. ಹಿತ್ತಲಿನ ತುದಿಯಿಂದ ಹೊತ್ತು ತಂದು ಒಗೆಯುವ ಕಲ್ಲಿನ ಮೇಲೆ ಏರಿಸಲು ನೋಡುತ್ತಿದ್ದಾರೆ. ಕಲ್ಲಿನ ಎತ್ತರವೂ ದೋಣಿಯ ಹಲಗೆಯ ಎತ್ತರವೂ ಒಂದೇ ಅಂತೆ, ದಾರ ಹಿಡಿದು ಅಳೆದಿದ್ದರು. ಚೀಲದಲ್ಲಿದ್ದದ್ದು ರಾಗಿ, ಐದು ಎಚ್‌ಪಿ ಮೋಟರಿನ ತೂಕದಷ್ಟು. ಚೀಲ ಕಲ್ಲಿನ ಅರ್ಧದವರೆಗೆ ಏರುವುದು, ಜಾರುವುದು.

"ಮರಳು ತುಂಬಬಾರದಿತ್ತಾ ಮಿಸ್? ಯಾಕೆ ರಾಗಿ?"

"ಮರಳು ಎತ್ತಿ ಸೋತ್ರೆ ಆ ಮರಳನ್ನ ಏನ್ಮಾಡ್ಲಿ? ರಾಗಿಯಾದ್ರೆ ಸೋತಿದ್ದನ್ನ ತಿನ್ನಬಹುದು."

ಹೇಳಿದಂತೆಯೇ ಮಾಡಿದರು. ಎತ್ತಲಾಗದ ದಿನ ಚೀಲದಿಂದ ಒಂದಷ್ಟು ರಾಗಿ ತೆಗೆದು ಸ್ಟೀಲ್ ಡಬ್ಬಿಗೆ ತುಂಬಿ, ಗೋಡೆಯ ಮೇಲಿಂದ ನನ್ನ ಕೈಗೆ ಕೊಡುವರು. "ತಗೋ. ಇವತ್ತು ಇಷ್ಟು ಸೋತೆ." ಅದು ನಮ್ಮ ಮನೆಯಲ್ಲಿ ಮುದ್ದೆಯಾಯಿತು, ರೊಟ್ಟಿಯಾಯಿತು. ನನ್ನ ತಮ್ಮ ರೊಟ್ಟಿ ಮುರಿಯುತ್ತಾ, "ಮಿಸ್ ಇನ್ನೂ ಸ್ವಲ್ಪ ಸೋಲ್ಲಿ ಬುಡಕ್ಕ" ಎನ್ನುತ್ತಿದ್ದ. ನಾನು ನಕ್ಕರೂ ಅವನ ತಲೆಗೊಂದು ಮೊಟಕುತ್ತಿದ್ದೆ.

ನಮ್ಮಲ್ಲಿ ಪಕ್ಕದ ಮನೆಯ ಪಾತ್ರೆಯನ್ನು ಖಾಲಿ ವಾಪಸು ಕೊಡುವುದಿಲ್ಲ. ಹುಳಿಯೋ ಪಲ್ಯವೋ, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯೋ ಹಾಕಿ ಕೊಡುವುದು. ಒಂದು ಸಲ ನಾನು ಸೀರೆ ಕೊಡಲು ಜಯಲಕ್ಷ್ಮಿಪುರಂಗೆ ಹೋಗಿದ್ದಾಗ ಮಿಸ್ ಡಬ್ಬಿ ಕೇಳಿದ್ದಾರೆ. ನನ್ನ ತಮ್ಮ ಖಾಲಿ ಕೊಡಬಾರದೆಂದು ಅಡುಗೆಮನೆಯೆಲ್ಲ ತಡಕಾಡಿ, ಏನೂ ಸಿಗದೆ, ಕಣ್ಣಿಗೆ ಬಿದ್ದ ಅದೇ ರಾಗಿಯನ್ನು ತುಂಬಿ ಕೊಟ್ಟಿದ್ದಾನೆ. ಮಿಸ್ ಅದನ್ನು ತೆಗೆದುಕೊಂಡು ಹೋಗಿ ಚೀಲಕ್ಕೇ ಸುರಿದಿದ್ದಾರೆ. ಬೆಳಿಗ್ಗೆ ಗೋಡೆಯಾಚೆಯಿಂದ ವಿಸಿಲ್.

"ಏನಮ್ಮ, ನಾನು ಸೋತಿದ್ದನ್ನ ನಂಗೇ ವಾಪಸ್ ಕಳ್ಸಿದ್ದೀಯ? ಛಲ ಹುಟ್ಟಿಸೋಕಾ?"

ನಡೆದದ್ದನ್ನು ಹೇಳಿದೆ. ಬೈಯುತ್ತಾರೆ ಎಂದುಕೊಂಡರೆ ಬಹಳ ದಿನಗಳ ಮೇಲೆ ಜೋರಾಗಿ ನಕ್ಕರು. ನಕ್ಕು ಆ ಚೀಲವನ್ನು ಹಾಗೇ ತಬ್ಬಿ ಎತ್ತಿದರು, ಕಲ್ಲಿನ ಮೇಲೆ ಕೂರಿಸಿಯೇಬಿಟ್ಟರು. ಆ ತೂಕವನ್ನು ಕೆಲವು ದಿನ ಬಿಡಲಿಲ್ಲ. ಆಮೇಲೆ ಸೊಂಟಕ್ಕೆ ಎಣ್ಣೆ ಹಚ್ಚಿಕೊಂಡು ಬಂದು ಡಬ್ಬಿಯನ್ನು ಮತ್ತೆ ಗೋಡೆಯ ಮೇಲಿಟ್ಟರು. "ಛಲ ಇದ್ರೆ ಸಾಲ್ದು, ಸೊಂಟಾನೂ ಇರ್ಬೇಕು ಕಣಮ್ಮ."

ಆ ದಿನ ನಾನು ತಡೆಯಲಾರದೆ ಹೇಳಿದೆ. "ನಾನು ಬರ್ತೀನಿ ಮಿಸ್. ಆ ಕಡೆ ನಾನು ಹಿಡ್ಕೊತೀನಿ. ನೀವು ದೊಡ್ಡ ಮೋಟರೇ ತಗೊಳ್ಳಿ."

"ನೀನು ಬರದೇ ಇದ್ದ ದಿನ?"

"ಬರ್ತೀನಿ ಅಂದ್ನಲ್ಲ ಮಿಸ್."

"ಅವ್ಳೂ ಹಂಗೇ ಅಂದಿದ್ಲು."

ನಾನು ಒಳಗೆ ಬಂದು ಮಿಷನ್ನು ಬಡಬಡನೆ ತುಳಿದೆ. ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು. ಸತ್ತವರ ಮೇಲಿನ ಕೋಪವನ್ನು ಇದ್ದವರ ಮೇಲೆ ತೀರಿಸಿಕೊಳ್ಳುವುದು ಯಾವ ನ್ಯಾಯ? ಎರಡು ದಿನ ಕಿಟಕಿಯ ಪರದೆ ತೆಗೆಯಲಿಲ್ಲ.

ಕೊನೆಗೆ ಚೀಲ ಹದಿನೇಳು ಕೆಜಿಗೆ ಬಂದು ನಿಂತಿತು. ಅಷ್ಟನ್ನು ಹೊತ್ತು, ನಡೆದು, ಕಲ್ಲಿಗೆ ಏರಿಸಿ, ಇಳಿಸಿ, ವಾಪಸು ತಂದರೂ ಅವರಿಗೆ ಏದುಸಿರು ಬರುತ್ತಿರಲಿಲ್ಲ. ಆ ತೂಕಕ್ಕೆ ಸರಿಯಾಗಿ ಎರಡೂವರೆ ಎಚ್‌ಪಿಯ ಮೋಟರು ಬಂತು. ಪೆಟ್ರೋಲ್ ಟ್ಯಾಂಕು ಅದರ ತಲೆಯಲ್ಲೇ ಇತ್ತು. ಸುರುಳಿ ಸುರುಳಿಯಾದ ಕೆಂಪು ದಾರವೊಂದಿತ್ತು, ಅದರ ಒಂದು ತುದಿ ಮೋಟರಿಗೆ, ಇನ್ನೊಂದು ನಮ್ಮ ಮಣಿಕಟ್ಟಿಗೆ. ನಾವು ನೀರಿಗೆ ಬಿದ್ದರೆ ದಾರ ಕಿತ್ತು ಬಂದು ಮೋಟರು ತಾನಾಗಿ ನಿಲ್ಲುತ್ತದಂತೆ. "ಇಲ್ದಿದ್ರೆ ನಮ್ಮನ್ನ ಬಿಟ್ಬುಟ್ಟು ದೋಣಿ ಹೊರಟೋಗುತ್ತೆ" ಎಂದು ಮಿಸ್ ತೋರಿಸಿದರು.

ಆ ಚಳಿಗಾಲವೆಲ್ಲ ಒಬ್ಬರೇ ಹೋದರು. ಮೋಟರನ್ನು ಎದೆಗವಚಿಕೊಂಡು ವ್ಯಾನಿಗೆ ಇಡುವಾಗ ಅವರ ಮುಖದಲ್ಲೊಂದು ಗತ್ತು ಇರುತ್ತಿತ್ತು. ಯಾರಾದರೂ ಕೈ ಹಾಕಲು ಬಂದರೆ, "ಬುಡ್ರೀ, ನಂಗೆ ಆಗುತ್ತೆ" ಎನ್ನುವರು. ಸಾಯಂಕಾಲ ಬರುವಾಗ ಆ ಗತ್ತು ಇರುತ್ತಿರಲಿಲ್ಲ. ಒಂದು ದಿನ ಕೇಳಿದೆ.

"ದಿಬ್ಬದ ಮೇಲೆ ಏನ್ಮಾಡ್ತೀರ ಮಿಸ್?"

"ಕೂತಿರ್ತೀನಿ. ಹಕ್ಕಿ ನೋಡ್ತೀನಿ."

"ಯಾವ್ ಹಕ್ಕಿ ಬಂದಿದೆ ಈ ಸಲ?"

"ಹೆಸರು ಹೇಳ್ತಿದ್ದೋಳು ಅವ್ಳು. ನಾನು ಕೇಳಿಸ್ಕೊಂಡೇ ಇಲ್ಲ ಕಣಮ್ಮ, ಕಡಲೆಕಾಯಿ ಸುಲೀತಿದ್ದೆ. ಈಗ ನಂಗೆ ಎಲ್ಲಾ ಬರೀ ಹಕ್ಕಿ."

ಮುಂದಿನ ಭಾನುವಾರ ನಾನು ಅವರನ್ನು ಕೇಳಲೇ ಇಲ್ಲ. ಬೆಳಿಗ್ಗೆಯೇ ಹೋಗಿ ವ್ಯಾನಿನಲ್ಲಿ ಕೂತೆ. ದುರುಗುಟ್ಟಿ ನೋಡಿದರು, ಇಳಿ ಎಂದರು, ನಾನು ಇಳಿಯಲಿಲ್ಲ. ಅವರಿಗೆ ವಿಸಿಲ್ ಇದ್ದರೆ ನನಗೆ ಹಟವಿತ್ತು.

ಹೋಗುವಾಗ ಸುಖವಾಗಿಯೇ ಹೋದೆವು. ದಿಬ್ಬದ ಮೇಲೆ ಕೂತು ಕಡಲೆಕಾಯಿ ತಿಂದೆವು. ಬರುವಾಗ ಗಾಳಿ ಎದುರಾಯಿತು. ಹಿನ್ನೀರಿನಲ್ಲಿ ಮಧ್ಯಾಹ್ನ ಕಳೆದರೆ ಗಾಳಿ ಏಳುತ್ತದಂತೆ. ಅವರೊಬ್ಬರೇ ಇದ್ದಾಗ ದೋಣಿ ಹೇಗೋ ಸೀಳಿಕೊಂಡು ಬರುತ್ತಿತ್ತು. ಈಗ ನನ್ನ ಭಾರವೂ ಸೇರಿತ್ತಲ್ಲ, ನಾನೇನು ಹೂವಿನಂಥವಳಲ್ಲ. ಮೋಟರು ಕಿರುಚುತ್ತಿತ್ತು, ದಂಡೆಯ ಮರಗಳು ಇದ್ದಲ್ಲೇ ಇದ್ದವು. ಅಲೆ ಒಳಗೆ ಎರಚುತ್ತಿತ್ತು. ನಾನು ಹಾಕಿಕೊಂಡಿದ್ದ ಲೈಫ್ ಜಾಕೆಟ್ ಡ್ರಾಯಿಂಗ್ ಮಿಸ್‌ದು, ಅದನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ.

"ಹುಟ್ಟು ತಗೋ" ಎಂದರು ಮಿಸ್. "ಬಲಗಡೆ ಹಾಕು. ನಾನು ಇಲ್ಲಿಂದ ದಿಕ್ಕು ಸರಿಮಾಡ್ತೀನಿ. ಬೆನ್ನು ನೆಟ್ಟಗೆ."

ಅಂಗೈ ಬೊಬ್ಬೆಯೇಳುವವರೆಗೆ ಹಾಕಿದೆ. ದಂಡೆ ಮುಟ್ಟಿದಾಗ ಹೊತ್ತಿಳಿದಿತ್ತು. ಮಿಸ್ ಮೋಟರನ್ನು ಬಿಚ್ಚಲಿಲ್ಲ. ಕೆಂಪು ದಾರ ಮಣಿಕಟ್ಟಿನಲ್ಲೇ ಇತ್ತು. ಅದನ್ನು ತಿರುವುತ್ತಾ ದೋಣಿಯಲ್ಲೇ ಕೂತಿದ್ದರು.

"ನಾನು ಒಬ್ಳನ್ನೇ ಲೆಕ್ಕ ಹಾಕಿದ್ದೆ ಕಣೇ" ಎಂದರು.

ಅಷ್ಟು ವರ್ಷಗಳಲ್ಲಿ ನನ್ನನ್ನು ಕಣೇ ಎಂದದ್ದು ಅದೇ ಮೊದಲು. ನಾನು ಹುಟ್ಟುಗಳನ್ನು ಎತ್ತಿಕೊಂಡು ದಂಡೆಗಿಳಿದೆ.

ಅದಾದ ಕೆಲವು ದಿನಗಳಿಗೆ ಮಿಸ್ ಅದೇ ಗೋಣಿಚೀಲವನ್ನು ಖಾಲಿ ಮಾಡಿ, ಹಳೇ ಬ್ಯಾಗಿನ ಪಟ್ಟಿಗಳನ್ನು ಕತ್ತರಿಸಿ ನನ್ನ ಮುಂದೆ ತಂದು ಹಾಕಿದರು. "ಇದಕ್ಕೆ ಎರಡು ಕಡೆ ಹಿಡ್ಕೊಳ್ಳೋಕೆ ಎರಡು ಕಿವಿ ಹೊಲಿದುಕೊಡು. ಗಟ್ಟಿ ಇರ್ಲಿ."

"ಎರಡ್ಯಾಕೆ ಮಿಸ್?"

"ಹೊಲಿ ಅಂದ್ರೆ ಹೊಲಿ."

ಮಾರನೆಯ ಬೆಳಿಗ್ಗೆ ವಿಸಿಲ್ ಕೇಳಿಸಿತು. ಹೋದೆ. ಚೀಲದಲ್ಲಿ ಮೊದಲಿನಷ್ಟೇ ರಾಗಿ, ಐದು ಎಚ್‌ಪಿಯ ತೂಕ. ಅವರು ಒಂದು ಕಿವಿ ಹಿಡಿದು ಕಾಯುತ್ತಿದ್ದರು. ನನ್ನ ಮುಖ ನೋಡದೆ, ಕಲ್ಲನ್ನು ನೋಡುತ್ತಾ ಹೇಳಿದರು. "ಆ ಕಡೆ ಹಿಡ್ಕೋ."

ಹಿಡಿದುಕೊಂಡೆ. ಒನ್, ಟೂ ಎಂದರು. ಚೀಲ ಎದ್ದದ್ದೂ ಗೊತ್ತಾಗಲಿಲ್ಲ, ಕಲ್ಲಿನ ಮೇಲೆ ಕೂತದ್ದೂ ಗೊತ್ತಾಗಲಿಲ್ಲ.

"ಇಷ್ಟೇನಾ?" ಎಂದರು ಮಿಸ್.

"ಇಷ್ಟೇ ಮಿಸ್."

ಆ ಬೆಳಗುಗಳು ನನಗೆ ಬಹಳ ಇಷ್ಟವಾಗಿದ್ದವು, ಅದನ್ನು ಮುಚ್ಚಿಟ್ಟು ಏನಾಗಬೇಕು? ಹಲ್ಲುಜ್ಜಿ ಕಾಫಿ ಕುಡಿದು ವಿಸಿಲ್ಲಿಗೆ ಕಾಯುತ್ತಿದ್ದೆ. ನಾವು ಎತ್ತುತ್ತಿದ್ದೆವು, ಇಳಿಸುತ್ತಿದ್ದೆವು, ಹೆಜ್ಜೆ ತಪ್ಪಿದರೆ ಬೈಸಿಕೊಳ್ಳುತ್ತಿದ್ದೆ. ಬೆಡ್‌ಶೀಟಿನ ಆ ತುದಿಯನ್ನೂ ಒಂದು ದಿನ ಕೇಳದೆಯೇ ಚಿಲಕದಿಂದ ಬಿಡಿಸಿ ಹಿಡಿದೆ. ಅವರು ತಮ್ಮ ತುದಿಯನ್ನು ಎಳೆದು ಹಿಡಿದರು. ಇಬ್ಬರೂ ಸೇರಿ ಮಡಿಸಿದೆವು.

ಒಂದು ಬೆಳಿಗ್ಗೆ ವಿಸಿಲ್ ಕೇಳಿಸಲಿಲ್ಲ. ನಿದ್ದೆ ಹೋಗಿರಬಹುದು ಎಂದುಕೊಂಡೆ. ವ್ಯಾನೂ ಇರಲಿಲ್ಲ; ತರಕಾರಿಗೆ ಹೋಗಿರಬಹುದು ಎಂದುಕೊಂಡೆ. ಎದೆನೋವು ಬಂದಿತ್ತಂತೆ. ತಾವೇ ವ್ಯಾನು ಓಡಿಸಿಕೊಂಡು ಆಸ್ಪತ್ರೆಗೆ ಹೋಗಿ, ಯಾರಿಗೂ ಅಡ್ಡವಾಗದಂತೆ ಸರಿಯಾಗಿ ನಿಲ್ಲಿಸಿ, ನಡೆದುಕೊಂಡೇ ಒಳಗೆ ಹೋಗಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ಮುಗಿದುಹೋಯಿತು. ಮಧ್ಯೆ ಇರುವುದು ಒಂದು ಮೋಟುಗೋಡೆ. ಚೀಲ ಹಿಡಿಯಲು ನನ್ನನ್ನು ಕರೆದವರು ಇದಕ್ಕೆ ಕರೆಯಲಿಲ್ಲ. ಈ ಕೋಪ ನನಗೆ ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ.

ಮೊನ್ನೆ ಸಭೆ ಮುಗಿದು ಚಪ್ಪಲಿ ಹುಡುಕುತ್ತಿದ್ದಾಗ ಪಂಪ್‌ಸೆಟ್ ಅಂಗಡಿಯ ಹೆಂಗಸು ಹತ್ತಿರ ಬಂದಳು. ಅತ್ತು ಅವಳ ಕಣ್ಣು ಊದಿಕೊಂಡಿತ್ತು.

"ನೀವೇ ಅಲ್ವಾ ಮಿಸ್ ಪಕ್ಕದ ಮನೆಯೋರು? ಮಿಸ್ ಹೋಗೋಕೆ ಮುಂಚಿನ ವಾರ ಅಂಗಡಿಗೆ ಬಂದಿದ್ರು. ಐದು ಎಚ್‌ಪಿದು ತರ್ಸು ಅಂದ್ರು. ಈ ಸಲ ತೂಕ ಎಷ್ಟು ಅಂತ ಕೇಳ್ಲೇ ಇಲ್ಲ ಕಣ್ರೀ. ನಾನೇ ಹೇಳ್ದೆ, ಭಾರ ಇರುತ್ತೆ ಮಿಸ್ ಅಂತ. ಇರ್ಲಿ ಬುಡು, ನಾವು ಇಬ್ರಿದ್ದೀವಿ ಅಂದ್ರು."

ಅವಳು ಇನ್ನೂ ಏನೋ ಹೇಳುತ್ತಿದ್ದಳು. ನಾನು ತಲೆಯಾಡಿಸಿ ಬಂದುಬಿಟ್ಟೆ.

ಮಿಸ್ ಅಣ್ಣನ ಮಗ ಮನೆ ಖಾಲಿ ಮಾಡಿಸುತ್ತಿದ್ದ. ಹಿತ್ತಲಿನಲ್ಲಿ ಒಂದು ಚೀಲ ರಾಗಿ ಇದೆ ಆಂಟಿ, ಬೇಕಿದ್ದರೆ ತಗೊಂಡು ಹೋಗಿ ಎಂದು ಹೇಳಿ ಸಾಮಾನು ತುಂಬಿಸಲು ಮುಂದಕ್ಕೆ ಹೋದ. ನಾನು ಹಿತ್ತಲಿಗೆ ಹೋದೆ. ಚೀಲ ಕಲ್ಲಿನ ಬುಡದಲ್ಲಿತ್ತು, ನಾವು ಕಡೆಯ ಸಲ ಇಳಿಸಿದ ಜಾಗದಲ್ಲೇ. ನಾನು ಹೊಲಿದ ಕಿವಿಯನ್ನು ಹಿಡಿದು, ಬೆನ್ನು ನೆಟ್ಟಗೆ ಮಾಡಿ ಎತ್ತಿದೆ. ನನ್ನ ಕಡೆಯದಷ್ಟೇ ಎದ್ದಿತು. ಚೀಲ ನೆಲದ ಮೇಲೇ ಅರ್ಧ ಸುತ್ತು ತಿರುಗಿ ನಿಂತಿತು. ಇನ್ನೊಂದು ಸಲ ಎಳೆದೆ, ಇನ್ನೊಂದಿಷ್ಟು ತಿರುಗಿತು.

"ಆ ಕಡೆ ಹಿಡ್ಕೊಳ್ಳಿ ಮಿಸ್" ಎಂದುಬಿಟ್ಟೆ.